ಊರೊಳಗಿದ್ದ ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ‘ಓಲ್ಡ್ ಏರ್‌ಪೋರ್ಟ್ ರೋಡ್’ ಎಂಬ ರಸ್ತೆ ಇದೆ. ಪ್ರಯಾಣಿಕರ ಪಾಲಿಗೆ ಏರ್‌ಪೋರ್ಟ್ ಮಾತ್ರ ಅಲ್ಲಿಲ್ಲ. ಟ್ರಿನಿಟಿ ವೃತ್ತ ದಾಟಿ, ದೊಮ್ಮಲೂರು ಹಾದು, ಮುರುಗೇಶಪಾಳ್ಯದ ಮೂಲಕ ಸಾಗುವ ಆ ದಾರಿಯ ಬದಿಯಲ್ಲಿ 2008ರ ಮೇ ತಿಂಗಳವರೆಗೆ ನಾಡಿನ ರಾಜಧಾನಿಯ ವಿಮಾನ ನಿಲ್ದಾಣವಿತ್ತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಿರಿಯರಿಗೆ ಇಂದಿಗೂ ‘ಏರೋಡ್ರೋಮು’ ಎಂದರೆ ಅದೇ. ದೇವನಹಳ್ಳಿಯದನ್ನು ಅವರು ‘ಹೊಸದು’ ಎಂದೇ ಕರೆಯುತ್ತಾರೆ, ಅದು 2008ರಲ್ಲಿಯೇ ಬಂದಿದ್ದರೂ.

ಈ ತಿಂಗಳು ಆ ಹಳೆಯ ನಿಲ್ದಾಣದ ವಿಷಯವನ್ನು ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲಿಯೂ ಉದ್ಯಾನದ ಕಲ್ಲುಬೆಂಚುಗಳ ಮೇಲೆಯೂ ಈಗ ಬಲವಾಗಿ ನಡೆದಿದೆ. ಅದಕ್ಕಿಂತ ಹತ್ತಿರದ ಕಾರಣವೆಂದರೆ, ಮಕ್ಕಳು ವಿದೇಶದಲ್ಲಿರುವ ನಮ್ಮ ಮನೆಗಳ ತಂದೆತಾಯಿಗಳು ವರ್ಷಕ್ಕೊಮ್ಮೆಯಾದರೂ ವಿಮಾನ ಹತ್ತಬೇಕಾಗಿ ಬರುತ್ತಿದ್ದು, ಅದರ ಬಗೆಗೆ ಹತ್ತಾರು ಸಂದೇಹಗಳನ್ನು ಇಟ್ಟುಕೊಂಡಿದ್ದಾರೆ. ಇತಿಹಾಸವನ್ನು ಹೇಳಿ, ಬಳಿಕ ಆ ಸಂದೇಹಗಳಿಗೆ ಬರೋಣ.

ಆ ನಿಲ್ದಾಣ ಹುಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ, ಕಾರ್ಖಾನೆಗಾಗಿ. ಎರಡನೆಯ ಮಹಾಯುದ್ಧ ಆರಂಭವಾಗಿದ್ದ ಕಾಲ. ಹಡಗು ಉದ್ಯಮದಲ್ಲಿ ಹೆಸರು ಮಾಡಿದ್ದ ಶ್ರೀ ವಾಲಚಂದ್ ಹಿರಾಚಂದ್ ಅವರಿಗೆ ಭಾರತದಲ್ಲಿಯೇ ವಿಮಾನ ತಯಾರಿಸಬೇಕೆಂಬ ಹಂಬಲ ಹತ್ತಿತು. ವಾಲಚಂದರು ಹುಟ್ಟಿದ್ದು ಸೊಲ್ಲಾಪುರದಲ್ಲಿ, ಅಂದರೆ ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯಲ್ಲಿ, ಎಂಬುದನ್ನು ನಮ್ಮ ಓದುಗರಿಗೆ ನೆನಪಿಸುವುದು ತಪ್ಪಾಗಲಾರದು. ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ತಾಂತ್ರಿಕ ನೆರವು ಅವರಿಗೆ ದೊರೆಯಿತು. ಆದರೆ ಜಾಗ ಎಲ್ಲಿ? ಬ್ರಿಟಿಷ್ ಸರ್ಕಾರಕ್ಕೆ ಈ ಕೆಲಸದಲ್ಲಿ ಮೊದಮೊದಲು ಉತ್ಸಾಹವಿರಲಿಲ್ಲ. ಕೈಹಿಡಿದದ್ದು ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್‌ನಲ್ಲಿ ತೀರಿಕೊಂಡು, ಜಯಚಾಮರಾಜೇಂದ್ರ ಒಡೆಯರು ಇಪ್ಪತ್ತೊಂದರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದಿದ್ದರು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಪೂರ್ವಕ್ಕೆ ಸುಮಾರು 700 ಎಕರೆ ಭೂಮಿ, ಶಿವನಸಮುದ್ರದಿಂದ ಬರುತ್ತಿದ್ದ ವಿದ್ಯುತ್ತು, ಮೇಲೆ 25 ಲಕ್ಷ ರೂಪಾಯಿಗಳ ಬಂಡವಾಳ, ಇಷ್ಟನ್ನು ಸಂಸ್ಥಾನ ಒದಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ ಪಾಲುದಾರನಾಗಿ ಸೇರಿತು.

ಅಲ್ಲಿಂದ ಮುಂದಿನ ವೇಗವನ್ನು ಕಂಡರೆ ಇಂದಿಗೂ ಅಚ್ಚರಿಯಾಗುತ್ತದೆ. ನೋಂದಣಿಯಾಗಿ ಎಂಟೇ ತಿಂಗಳಿಗೆ, 1941ರ ಆಗಸ್ಟ್‌ನಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ಜೋಡಣೆಗೊಂಡು ಹಾರಿತು. ಮರುವರ್ಷದಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಎದ್ದಿತು. ಜಪಾನೀಯರು ಬರ್ಮಾದವರೆಗೆ ಬಂದಾಗ ಸರ್ಕಾರ 1942ರಲ್ಲಿ ವಾಲಚಂದರ ಪಾಲನ್ನು ಕೊಂಡುಕೊಂಡಿತು. 1943ರಿಂದ ಯುದ್ಧ ಮುಗಿಯುವವರೆಗೆ ಕಾರ್ಖಾನೆ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ದಕ್ಷಿಣ ಏಷ್ಯದ ರಣರಂಗದಲ್ಲಿ ಪೆಟ್ಟು ತಿಂದ ವಿಮಾನಗಳೆಲ್ಲ ರಿಪೇರಿಗಾಗಿ ಇಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದಾಗಬಾರದೆಂದು ಅದೇ ಕೆಲಸಗಾರರು ರೈಲುಗಾಡಿಯ ಬೋಗಿಗಳನ್ನು ಕಟ್ಟಿದರು. ಯುದ್ಧದ ಬಳಿಕ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ಭಾರಿ ಬಾಂಬರುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಿ, ಹೊಸದಾಗಿ ಸ್ವತಂತ್ರವಾಗಿದ್ದ ದೇಶದ ವಾಯುಪಡೆಗೆ ಒಪ್ಪಿಸಿದ್ದೂ ಇವರೇ. ಗುಜರಿಗೆ ಬಿದ್ದ ವಸ್ತುವನ್ನು ಎತ್ತಿ ಆಕಾಶಕ್ಕೆ ಹಾರಿಸಿದ ಆ ಕಾಯಕಕ್ಕೆ ನಮ್ಮಲ್ಲಿ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲವೆಂದೇ ನಮ್ಮ ಭಾವನೆ.

1951ರ ಆಗಸ್ಟ್‌ನಲ್ಲಿ ಡಾ. ವಿ. ಎಂ. ಘಾಟಗೆ ಅವರು ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನ, 1961ರ ಜೂನ್ 17ರಂದು ‘ಮರುತ್’ ಜೆಟ್ ವಿಮಾನ, 2001ರ ಜನವರಿ 4ರಂದು ‘ತೇಜಸ್’, ಇವೆಲ್ಲ ಮೊದಲು ನೆಲ ಬಿಟ್ಟದ್ದು ಇದೇ ರನ್‌ವೇಯಿಂದ. ಮರುತ್ ವಿಮಾನವನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಅದೇ ಜಾತಿಯ ವಿಮಾನದ ಪರೀಕ್ಷೆಯಲ್ಲಿ ಇಲ್ಲಿಯೇ ಪ್ರಾಣ ತೆತ್ತರು. ನಿಲ್ದಾಣದ ಪಕ್ಕದಲ್ಲಿ ಹಾದುಹೋಗುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ದಿನವೂ ಆ ರಸ್ತೆಯಲ್ಲಿ ಓಡಾಡುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ಬಲ್ಲವರು ಎಷ್ಟು ಮಂದಿಯೋ! 1964ರಲ್ಲಿ ಸಂಸ್ಥೆ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಜನರ ಬಾಯಲ್ಲಿ ಎಚ್‌ಎಎಲ್. ಸುತ್ತಲಿನ ಬಡಾವಣೆಗೆ ವಿಮಾನಪುರವೆಂಬ ಸುಂದರವಾದ ಹೆಸರು ಬಂದಿತು. ಅದರ ಮಗ್ಗುಲಿನಲ್ಲಿಯೇ ವಿಭೂತಿಪುರವಿದೆ, ಅಲ್ಲಿ ನಮ್ಮವರೆಲ್ಲ ಬಲ್ಲ ಮಠವೂ ಇದೆ. ವಿಭೂತಿಪುರವೂ ವಿಮಾನಪುರವೂ ಬೇಲಿಗೆ ಬೇಲಿ ತಾಗಿಸಿಕೊಂಡು ನಿಂತ ಊರು ಬೇರೆಲ್ಲಿಯೂ ಇರಲಾರದು.

ಪ್ರಯಾಣಿಕರ ವಿಮಾನಗಳು ಈ ಕಾರ್ಖಾನೆಯ ಅಂಗಳಕ್ಕೆ ನೆಂಟರಂತೆ ಬಂದವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಮೊದಲಾದ ಕಂಪನಿಗಳ ಹಾರಾಟ ಸ್ವಾತಂತ್ರ್ಯದ ಆಚೀಚೆಗೆ ಆರಂಭವಾಗಿ, 1953ರಲ್ಲಿ ಅವುಗಳನ್ನೆಲ್ಲ ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ರಚನೆಯಾಯಿತು. ನೆಲವೂ ರನ್‌ವೇಯೂ ಎಚ್‌ಎಎಲ್‌ನದು. ಪ್ರಯಾಣಿಕರ ಕಟ್ಟಡವಷ್ಟೇ ನಾಗರಿಕ ವಿಮಾನಯಾನ ಇಲಾಖೆಯದು, ಆಮೇಲೆ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಒಂದೇ ಪಟ್ಟೆಯ ಮೇಲೆ ಕಾರ್ಖಾನೆಯ ಪರೀಕ್ಷಾ ಹಾರಾಟ, ವಾಯುಪಡೆಯ ತರಬೇತಿ, ಊರಿನ ಜನರ ಪ್ರಯಾಣ, ಮೂರೂ ನಡೆಯಬೇಕಾಗಿತ್ತು. ಹತ್ತು ಸಾವಿರ ಅಡಿಗಿಂತ ಉದ್ದದ ರನ್‌ವೇ ಇದ್ದರೂ ಕಟ್ಟಡ ಕಿರಿದು. ದೊಡ್ಡ ನಗರದ ಸಣ್ಣ ನಿಲ್ದಾಣ ಅದು.

ಹಾಗಿದ್ದರೂ ಅದು ನಮ್ಮ ಮನೆಗಳಿಗೆ ಎಷ್ಟು ಹತ್ತಿರವಾಗಿತ್ತು! ಚಾಮರಾಜಪೇಟೆಯವರಿಗೆ ಜೆ. ಸಿ. ರಸ್ತೆಯ ಯೂನಿಟಿ ಬಿಲ್ಡಿಂಗ್ಸ್‌ನಲ್ಲಿ ಏರ್ ಇಂಡಿಯಾ ಕಚೇರಿ ನಡೆದುಹೋಗುವಷ್ಟು ದೂರದಲ್ಲಿತ್ತು. ಇಂಡಿಯನ್ ಏರ್‌ಲೈನ್ಸ್ ಕಚೇರಿ ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿ. ಟಿಕೇಟೆಂದರೆ ಕಾರ್ಬನ್ ಹಚ್ಚಿದ ಪುಟ್ಟ ಪುಸ್ತಕ. ಅದನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ಬಸವನಗುಡಿಯಿಂದ ಹೊರಟರೆ ಲಾಲ್‌ಬಾಗ್ ಪಕ್ಕದಲ್ಲಿ ಡಬಲ್ ರೋಡ್ ಹಿಡಿದು, ರಿಚ್ಮಂಡ್ ರಸ್ತೆಯ ಮೂಲಕ ಮುಕ್ಕಾಲು ಗಂಟೆಯಲ್ಲಿ ತಲುಪುವ ದಾರಿ. ಒಬ್ಬರು ಅಮೆರಿಕಕ್ಕೆ ಹೊರಟರೆ ಹದಿನೈದು ಮಂದಿ ಬೀಳ್ಕೊಡಲು. ಗಾಂಧಿ ಬಜಾರಿನಿಂದ ಸುಗಂಧರಾಜದ ಹಾರ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಸ್ಟೀಲಿನ ಡಬ್ಬಿಯಲ್ಲಿ ಚಿತ್ರಾನ್ನ. ಸಂದರ್ಶಕರ ಟಿಕೇಟು ಕೊಂಡು ಒಳಗೆ ಹೋಗಿ, ಗಾಜಿನ ಆಚೆ ನಿಂತಿರುವ ವಿಮಾನವನ್ನು ಮಕ್ಕಳಿಗೆ ತೋರಿಸುವುದು. ಅದು ಎದ್ದು ಹೋಗುವವರೆಗೆ ಕದಲದೆ ನಿಲ್ಲುವುದು. 1995ರಲ್ಲಿ ಅದೇ ರಸ್ತೆಯಲ್ಲಿ 65 ಅಡಿಯ ಶಿವನ ಮೂರ್ತಿ ಪ್ರತಿಷ್ಠೆಯಾದ ಮೇಲೆ, ಬೀಳ್ಕೊಟ್ಟು ಮರಳುವಾಗ ಅಲ್ಲಿ ಇಳಿದು ಕೈಮುಗಿದು ಬರುವ ರೂಢಿಯೂ ಸೇರಿಕೊಂಡಿತು.

ಬೀಳ್ಕೊಟ್ಟದ್ದು ಬಹುಮಟ್ಟಿಗೆ ಮುಂಬಯಿಯವರೆಗೆ ಅಥವಾ ಮದರಾಸಿನವರೆಗೆ ಮಾತ್ರ ಎಂಬುದನ್ನು ಮರೆಯಬಾರದು. 1990ರ ದಶಕದ ಮಧ್ಯದವರೆಗೆ ವಿದೇಶಕ್ಕೆ ಹೋಗುವವರು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಇಳಿದು, ಸಾಮಾನು ಎತ್ತಿಕೊಂಡು ಸಹಾರ್ ನಿಲ್ದಾಣಕ್ಕೆ ಹೋಗಿ, ನಡುರಾತ್ರಿಯ ವಿಮಾನಕ್ಕಾಗಿ ಕಾಯಬೇಕಿತ್ತು. ಮಾಟುಂಗದಲ್ಲಿ ನೆಂಟರಿದ್ದವರು ಪುಣ್ಯವಂತರು. ಬೆಂಗಳೂರಿನಿಂದಲೇ ನೇರ ವಿದೇಶ ಹಾರಾಟಗಳು ಆ ದಶಕದ ಉತ್ತರಾರ್ಧದಲ್ಲಿ ಒಂದೊಂದಾಗಿ ಬಂದವು. 2001ರಲ್ಲಿ ಲುಫ್ತಾನ್ಸಾ ಫ್ರಾಂಕ್‌ಫರ್ಟಿಗೆ, 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ನಿಗೆ ಹಾರಲಾರಂಭಿಸಿದವು. ಇಂಗ್ಲಿಷ್ ಸರಿಯಾಗಿ ಬಾರದ ತಾಯಂದಿರು ಒಬ್ಬರೇ ಪ್ರಯಾಣ ಮಾಡುವ ಧೈರ್ಯ ತಂದುಕೊಂಡದ್ದು ಆ ಕಾಲದಿಂದಲೇ. ಮುಂಬಯಿಯ ಆ ಒಂದು ರಾತ್ರಿ ತಪ್ಪಿದ್ದು ಅವರಿಗೆ ದೊಡ್ಡ ಉಪಕಾರವಾಯಿತು.

ಈ ನಿಲ್ದಾಣದ ಇತಿಹಾಸದಲ್ಲಿ ಹೇಳದೆ ದಾಟಲಾಗದ ದಿನವೊಂದಿದೆ. 1990ರ ಫೆಬ್ರವರಿ 14, ಬುಧವಾರ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ವಿಮಾನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ರನ್‌ವೇ ಮುಟ್ಟುವ ಮುನ್ನವೇ ಪಕ್ಕದ ಗಾಲ್ಫ್ ಮೈದಾನದ ಮೇಲೆ ಕುಸಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಮಡಿದರು. ಆಕಾಶ ತಿಳಿಯಾಗಿತ್ತು, ಎಂಜಿನ್ನುಗಳು ಕೆಟ್ಟಿರಲಿಲ್ಲ. ಏರ್‌ಬಸ್ ಎ-320 ಎಂಬ ಆ ಹೊಸ ಮಾದರಿ ನಮ್ಮ ದೇಶಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಕಂಪ್ಯೂಟರು ನಡೆಸುವ ಆ ವಿಮಾನ ಇಳಿಯುವಾಗ ಎಂಜಿನ್ನುಗಳು ನಿಷ್ಕ್ರಿಯ ವೇಗದಲ್ಲಿರುವಂಥ ಸ್ಥಿತಿಯಲ್ಲಿ ಉಳಿದುಬಿಟ್ಟಿತು. ವೇಗವೂ ಎತ್ತರವೂ ಕುಗ್ಗುತ್ತ ಬಂದದ್ದನ್ನು ಚಾಲಕರು ಗಮನಿಸಿದಾಗ ಕಾಲ ಮೀರಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ಸರ್ಕಾರ ಆ ಜಾತಿಯ ವಿಮಾನಗಳನ್ನೆಲ್ಲ ಕೆಲವು ತಿಂಗಳು ನೆಲಕ್ಕಿಳಿಸಿತ್ತು. ಅಂದು ಊರಿನ ಪೂರ್ವದಿಕ್ಕಿನಲ್ಲಿ ಎದ್ದ ಕಪ್ಪು ಹೊಗೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಪ್ಪತ್ತು ವರ್ಷಗಳ ಬಳಿಕ, 2010ರ ಮೇ 22ರ ಮುಂಜಾನೆ, ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ಮೀರಿ ಕಮರಿಗೆ ಬಿದ್ದು 158 ಮಂದಿ ಅಸುನೀಗಿದಾಗಲೂ ತನಿಖೆ ಬೆರಳು ತೋರಿದ್ದು ಇಳಿಯುವ ಕೊನೆಯ ನಿಮಿಷಗಳ ಕಡೆಗೇ. ಒಂದು ಕಡೆ ವಿಮಾನ ತೀರ ಕೆಳಗಿತ್ತು, ಇನ್ನೊಂದು ಕಡೆ ತೀರ ಮೇಲಿತ್ತು.

1994ರಲ್ಲಿ ಖಾಸಗಿ ಕಂಪನಿಗಳಿಗೆ ಪೂರ್ಣವಾಗಿ ಬಾಗಿಲು ತೆರೆದ ಮೇಲೆ, ಜೊತೆಗೆ ಊರಿಗೆ ಸಾಫ್ಟ್‌ವೇರ್ ಉದ್ಯಮ ಬಂದ ಮೇಲೆ, ನಿಲ್ದಾಣದ ಸ್ಥಿತಿ ಸಂತೆಯಂತಾಯಿತು. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಇಲ್ಲಿಂದಲೇ ಅಗ್ಗದ ದರದ ಹಾರಾಟ ಶುರು ಮಾಡಿತು. ಅಲ್ಲಿಯವರೆಗೆ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದ ಗುಮಾಸ್ತರೂ ಶಿಕ್ಷಕರೂ ಮೊದಲ ಬಾರಿ ವಿಮಾನ ಕಂಡರು. 2007-08ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿಯಷ್ಟು ಜನ ಆ ಕಿರಿಯ ಕಟ್ಟಡದ ಮೂಲಕ ಹಾದುಹೋಗುತ್ತಿದ್ದರು. ಕಟ್ಟಿದ್ದು ಅಷ್ಟು ಜನಕ್ಕಲ್ಲ. ಕುಳಿತುಕೊಳ್ಳಲು ಕುರ್ಚಿಯಿಲ್ಲದೆ ವೃದ್ಧರು ತಮ್ಮ ಪೆಟ್ಟಿಗೆಯ ಮೇಲೆಯೇ ಕೂರುವುದು, ಇಳಿಯಲು ಜಾಗವಿಲ್ಲದೆ ವಿಮಾನಗಳು ಹೊಸಕೋಟೆಯ ಮೇಲೆ ಸುತ್ತು ಹೊಡೆಯುವುದು ಮಾಮೂಲಾಯಿತು. ಹಳೆಯ ನಿಲ್ದಾಣವನ್ನು ನೆನೆದು ಕೊರಗುವವರು ಆ ಕೊನೆಯ ಎರಡು ವರ್ಷಗಳನ್ನು ಬಿಟ್ಟು ನೆನೆಯುತ್ತಾರೆ ಎಂದು ನಮಗೆ ಕಾಣುತ್ತದೆ.

ದೇವನಹಳ್ಳಿಯ ಯೋಜನೆ 1990ರ ದಶಕದ ಆರಂಭದಿಂದಲೇ ಕಡತದಲ್ಲಿತ್ತು. ಟಾಟಾ, ಅಮೆರಿಕದ ರೇಥಿಯಾನ್ ಹಾಗೂ ಸಿಂಗಪುರದವರ ಕೂಟ ಮೊದಲು ಮುಂದೆ ಬಂದು 1998ರಲ್ಲಿ ಹಿಂದೆ ಸರಿಯಿತು. ಬಳಿಕ ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣ, ಲಾರ್ಸನ್ ಅಂಡ್ ಟೂಬ್ರೊ ಸೇರಿ ಶೇಕಡಾ 74, ರಾಜ್ಯ ಸರ್ಕಾರ ಮತ್ತು ಪ್ರಾಧಿಕಾರ ಸೇರಿ ಶೇಕಡಾ 26 ಪಾಲಿನ ಕಂಪನಿಯಾಯಿತು. 2004ರ ಜುಲೈಯಲ್ಲಿ ಕೇಂದ್ರದೊಡನೆ ಆದ ಒಪ್ಪಂದದಲ್ಲಿ ಎರಡು ಷರತ್ತುಗಳಿದ್ದವು. ಹೊಸದು ತೆರೆದ ದಿನ ಎಚ್‌ಎಎಲ್‌ನಲ್ಲಿ ಸಾರ್ವಜನಿಕ ಹಾರಾಟ ನಿಲ್ಲಬೇಕು. ಜೊತೆಗೆ ಇಪ್ಪತ್ತೈದು ವರ್ಷಗಳ ಕಾಲ 150 ಕಿಲೋಮೀಟರ್ ಒಳಗೆ, ಮೈಸೂರು ಹಾಸನಗಳನ್ನು ಬಿಟ್ಟು, ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು. ಹೈದರಾಬಾದಿನ ಬೇಗಂಪೇಟೆಗೂ ಇದೇ ಗತಿಯಾಯಿತು. 2008ರ ಮಾರ್ಚ್‌ನಲ್ಲಿ ಪ್ರಾಧಿಕಾರದ ನೌಕರರು ದೇಶಾದ್ಯಂತ ಮುಷ್ಕರ ಹೂಡಿದರು. ಊರಿನ ಹಲವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಮೇ 23ರ ನಡುರಾತ್ರಿ ಎಚ್‌ಎಎಲ್‌ನ ಪ್ರಯಾಣಿಕರ ಬಾಗಿಲು ಮುಚ್ಚಿತು. ಆಮೇಲೆ ಅಲ್ಲಿ ಉಳಿದದ್ದು ಕಾರ್ಖಾನೆಯ ಹಾರಾಟ, ಗಣ್ಯರ ವಿಮಾನ, ಬಾಡಿಗೆಯ ಖಾಸಗಿ ವಿಮಾನ.

ಹೊಸ ನಿಲ್ದಾಣದ ವೈಭವವನ್ನು ನಾವು ಅಲ್ಲಗಳೆಯುವುದಿಲ್ಲ. ಸುಮಾರು 4,000 ಎಕರೆಯ ವಿಸ್ತಾರ, 2019ರಿಂದ ಎರಡು ರನ್‌ವೇ, 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೆಯ ಟರ್ಮಿನಲ್, 2024-25ರಲ್ಲಿ ನಾಲ್ಕು ಕೋಟಿಗೂ ಮೀರಿದ ಪ್ರಯಾಣಿಕರು, ಇವು ಎಚ್‌ಎಎಲ್‌ನಲ್ಲಿ ಕನಸಿಗೂ ನಿಲುಕದ ಅಳತೆಗಳು. 2013ರಲ್ಲಿ ಊರು ಕಟ್ಟಿದ ನಾಡಪ್ರಭು ಕೆಂಪೇಗೌಡರ ಹೆಸರು ಬಂದದ್ದು ಎಲ್ಲರಿಗೂ ಸಂತೋಷದ ಸಂಗತಿ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಮಹಿಳಾ ಚಾಲಕರೇ ಎಲ್ಲಿಯೂ ನಿಲ್ಲಿಸದೆ ಬೆಂಗಳೂರಿಗೆ ತಂದಿಳಿಸಿದರು. ಸಹಾರ್‌ನಲ್ಲಿ ರಾತ್ರಿ ಕಳೆದವರಿಗೆ ಇದರ ಬೆಲೆ ಗೊತ್ತು.

ಆದರೆ ದೂರ ದೂರವೇ. ಬಸವನಗುಡಿಯಿಂದ ದೇವನಹಳ್ಳಿಗೆ ನಲವತ್ತು ಕಿಲೋಮೀಟರ್. ಸಂಜೆಯಾದರೆ ಎರಡು ಗಂಟೆಗೂ ಮಿಕ್ಕು. ವಿದೇಶಕ್ಕೆ ಹೋಗುವವರು ಅದನ್ನು ಸಹಿಸಿಯಾರು. ಹುಬ್ಬಳ್ಳಿಗೆ, ಬೆಳಗಾವಿಗೆ, 2023ರಲ್ಲಿ ತೆರೆದ ಶಿವಮೊಗ್ಗೆಗೆ ಹೋಗುವವರ ಗತಿಯೇನು? ಒಂದು ಗಂಟೆಯ ಹಾರಾಟಕ್ಕೆ ಎರಡು ಗಂಟೆ ದಾರಿ, ಎರಡು ಗಂಟೆ ಕಾಯುವಿಕೆ. ಅಷ್ಟರಲ್ಲಿ ತುಮಕೂರು, ಅರಸೀಕೆರೆ ದಾಟಿ ರೈಲು ಅರ್ಧ ದಾರಿ ಮುಗಿಸಿರುತ್ತದೆ. ಊರಿನಲ್ಲಿ ಯಾರಿಗಾದರೂ ತೀರಿಕೊಂಡ ಸುದ್ದಿ ಬಂದರೆ, ಸಮಾಧಿಯ ಹೊತ್ತಿಗೆ ತಲುಪಬೇಕಾದವರಿಗೆ ಈ ಲೆಕ್ಕ ಬರಿಯ ಲೆಕ್ಕವಲ್ಲ. ಇಂಥ ಒಳನಾಡಿನ ಸಣ್ಣ ವಿಮಾನಗಳಿಗೆ ಮಾತ್ರವಾದರೂ ಹಳೆಯ ನಿಲ್ದಾಣವನ್ನು ತೆರೆಯಬಹುದಿತ್ತು, ತೆರೆಯಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ರನ್‌ವೇ ಇದೆ, ಕಾವಲಿದೆ, ಹಾರಾಟ ನಿಯಂತ್ರಣವಿದೆ. ತಡೆದಿರುವುದು ಕಾಗದ.

ಆ ಕಾಗದದ ಇಪ್ಪತ್ತೈದು ವರ್ಷಗಳು 2033ರ ಮೇ ತಿಂಗಳಲ್ಲಿ ಮುಗಿಯುತ್ತವೆ. ಅಷ್ಟರೊಳಗೆ ಎರಡನೆಯ ನಿಲ್ದಾಣದ ಜಾಗ ಗೊತ್ತುಮಾಡಬೇಕೆಂದು ರಾಜ್ಯ ಸರ್ಕಾರ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲದ ಕಡೆ ಒಂದು ಸ್ಥಳವನ್ನು ಸೂಚಿಸಿ, 2025ರ ಏಪ್ರಿಲ್‌ನಲ್ಲಿ ಪ್ರಾಧಿಕಾರದ ತಂಡ ಅವುಗಳನ್ನು ನೋಡಿಹೋಗಿದೆ. ಅತ್ತ ತಮಿಳುನಾಡು 2024ರ ಜೂನ್‌ನಲ್ಲಿ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಕಟ್ಟುವುದಾಗಿ ಸಾರಿತು. ಕನಕಪುರ ರಸ್ತೆಗೆ ಬಂದರೆ ಬಸವನಗುಡಿ, ಚಾಮರಾಜಪೇಟೆಗಳವರಿಗೆ ಹತ್ತಿರ. ಮಲ್ಲೇಶ್ವರದವರು ನೆಲಮಂಗಲವೇ ಆಗಲಿ ಎನ್ನುತ್ತಾರೆ. ಈ ಚರ್ಚೆಯಲ್ಲಿ ಕೇಳಿಸದ ದನಿ ಒಂದಿದೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನೋದ್ಯಮದ ಪಾರ್ಕಿಗೆಂದು 1,777 ಎಕರೆ ಗುರುತಿಸಿದಾಗ, ಹದಿಮೂರು ಹಳ್ಳಿಗಳ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ನಮ್ಮ ಮನೆಗಳಲ್ಲಿ ಹೊಲ ಮಾರಿ ಮಗನನ್ನು ವಿದೇಶಕ್ಕೆ ಕಳುಹಿಸಿದವರೂ ಇದ್ದಾರೆ, ಹೊಲ ಕಳೆದುಕೊಂಡು ನಗರದಲ್ಲಿ ಕಾವಲುಗಾರರಾದವರೂ ಇದ್ದಾರೆ. ಇರುವ 700 ಎಕರೆಯನ್ನು ಬೀಗ ಹಾಕಿಟ್ಟು ಹೊಸ ಸಾವಿರಾರು ಎಕರೆ ಹುಡುಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ನಾವು ಹೇಳುವುದು ಅದಕ್ಕಾಗಿ.

ಇನ್ನು ಪ್ರಯಾಣದ ಸಂದೇಹಗಳು. ಹಿರಿಯರು ಎಲ್ಲಕ್ಕಿಂತ ಮೊದಲು ಕೇಳುವುದು ಇಷ್ಟಲಿಂಗದ ವಿಷಯ. ಎಚ್‌ಎಎಲ್‌ನ ಹಳೆಯ ದಿನಗಳಲ್ಲಿ ತಪಾಸಣೆ ಸರಳವಾಗಿತ್ತು. ಊರಿನ ಪೊಲೀಸರಿಗೆ ಬೆಳ್ಳಿಯ ಕರಡಿಗೆ ಏನೆಂದು ಗೊತ್ತಿತ್ತು. 1999ರ ಡಿಸೆಂಬರ್‌ನ ವಿಮಾನ ಅಪಹರಣದ ಬಳಿಕ ಭದ್ರತೆ ಕೇಂದ್ರೀಯ ಪಡೆಗೆ ಹೋಯಿತು. ಆ ಪಡೆಯ ಯುವಕ ಉತ್ತರದ ಯಾವುದೋ ರಾಜ್ಯದವನಾಗಿರಬಹುದು. ಕರಡಿಗೆ ಲೋಹದ್ದಾದ ಕಾರಣ ಯಂತ್ರ ಸದ್ದು ಮಾಡಿಯೇ ಮಾಡುತ್ತದೆ. ಅದರಿಂದ ಗಾಬರಿಪಡಬೇಕಿಲ್ಲ. ಸಾಲಿನಲ್ಲಿ ನಮ್ಮ ಸರದಿ ಬರುವ ಮುನ್ನವೇ, ಇದು ಪೂಜೆಯ ಲಿಂಗ, ಕೊರಳಿನಿಂದ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ ಎಂದು ಶಾಂತವಾಗಿ ತಿಳಿಸಿ, ಬೇಕಿದ್ದರೆ ಮರೆಯಲ್ಲಿ ತೋರಿಸುವುದಾಗಿ ಹೇಳಬೇಕು. ನಮ್ಮ ದೇಶದಲ್ಲಿ ಹೆಂಗಸರನ್ನು ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿಯೂ ಪ್ರತ್ಯೇಕ ಕೋಣೆಯಲ್ಲಿ, ನಮ್ಮವರೊಬ್ಬರನ್ನು ಜೊತೆಗಿಟ್ಟುಕೊಂಡು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ಪ್ರಯಾಣಿಕರಿಗಿದೆ. ಕೇಳಿದರೆ ಮಾತ್ರ ಸಿಗುತ್ತದೆ. ಇಂಗ್ಲಿಷ್ ಬಾರದವರು ಈ ಎರಡು ವಾಕ್ಯಗಳನ್ನು ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿ ಪಾಸ್‌ಪೋರ್ಟಿನಲ್ಲಿ ಇಟ್ಟುಕೊಂಡರೆ ಸಾಕು. ಪ್ರಯಾಣದ ದಿನಗಳಿಗೆ ಬೆಳ್ಳಿಯ ಕರಡಿಗೆಯ ಬದಲು ಬಟ್ಟೆಯ ವಸ್ತ್ರದಲ್ಲಿ ಲಿಂಗವನ್ನು ಕಟ್ಟಿಕೊಳ್ಳುವವರೂ ಇದ್ದಾರೆ. ಅದು ಹಿಂದಿನವರ ರೂಢಿಯೂ ಹೌದು. ಟ್ರೇಯಲ್ಲಿ ಚಪ್ಪಲಿಯ ಪಕ್ಕಕ್ಕೆ ಇಟ್ಟು ಯಂತ್ರಕ್ಕೆ ಕಳುಹಿಸಿದೆವೆಂದು ಆಮೇಲೆ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟ ಹಿರಿಯರೊಬ್ಬರನ್ನು ನಾವು ಬಲ್ಲೆವು. ಮುಂಚೆಯೇ ಒಂದು ಮಾತು ಹೇಳಿದ್ದರೆ ಅದು ತಪ್ಪುತ್ತಿತ್ತು.

ವಿಭೂತಿ ಗಟ್ಟಿಯನ್ನು ಕೈಚೀಲದಲ್ಲಿ ಒಂದೆರಡು ಇಟ್ಟುಕೊಳ್ಳಬಹುದು. ಪುಡಿಯಾದರೆ ತೊಂದರೆ: 2018ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಅಳತೆಯ ಯಾವ ಪುಡಿಯನ್ನೂ ಕೈಚೀಲದಲ್ಲಿ ಕಂಡರೆ ಬಿಚ್ಚಿ ನೋಡುತ್ತಾರೆ, ಸಂಶಯ ಬಂದರೆ ತೆಗೆದುಹಾಕುತ್ತಾರೆ. ಚಟ್ನಿಪುಡಿಗೂ ಸಾರಿನ ಪುಡಿಗೂ ಇದೇ ನಿಯಮ. ಅವೆಲ್ಲ ದೊಡ್ಡ ಪೆಟ್ಟಿಗೆಗೆ ಹೋಗಲಿ. ತುಪ್ಪ, ಉಪ್ಪಿನಕಾಯಿ, ತೀರ್ಥದ ಬಾಟಲಿ ದ್ರವದ ಲೆಕ್ಕಕ್ಕೆ ಬರುತ್ತವೆ. 100 ಮಿಲಿಲೀಟರ್ ಮೀರಿದ್ದು ಕೈಚೀಲದಲ್ಲಿ ಒಳಗೆ ಹೋಗದು. ಪೂಜೆಗೆಂದು ಹಸಿ ಬಿಲ್ವಪತ್ರೆಯನ್ನೂ ಹೂವನ್ನೂ ಒಯ್ಯುವುದು ಬೇಡ. ಹಸಿ ಎಲೆ, ಹಣ್ಣು, ಬೀಜಗಳಿಂದ ಬೆಳೆಯ ರೋಗ ಹರಡುವುದೆಂದು ಅಲ್ಲಿನವರು ಬಹಳ ಕಟ್ಟುನಿಟ್ಟು. ಕರಿಬೇವನ್ನೂ ಬಿಡುವುದಿಲ್ಲ. ತಿನ್ನುವ ವಸ್ತು ಏನಿದ್ದರೂ ಫಾರಂನಲ್ಲಿ ಇದೆಯೆಂದೇ ಬರೆಯಬೇಕು. ಇದೆಯೆಂದು ಬರೆದವರಿಗೆ ಬಹಳವೆಂದರೆ ವಸ್ತು ಹೋಗುತ್ತದೆ, ಇಲ್ಲವೆಂದು ಬರೆದು ಸಿಕ್ಕಿಬಿದ್ದವರಿಗೆ ದಂಡವೂ ಬೀಳುತ್ತದೆ.

ಮಂಡಿನೋವಿನವರು ಗಾಲಿಕುರ್ಚಿಯನ್ನು ಟಿಕೇಟು ಕಾದಿರಿಸುವಾಗಲೇ ಕೇಳಬೇಕು, ನಿಲ್ದಾಣದಲ್ಲಿ ಕೇಳಿದರೆ ಕಾಯಬೇಕಾಗುತ್ತದೆ. ಕುರ್ಚಿ ತಳ್ಳುವವರು ತಪಾಸಣೆಯಿಂದ ಬಾಗಿಲಿನವರೆಗೆ ಜೊತೆಗಿರುತ್ತಾರಾದ್ದರಿಂದ, ಭಾಷೆ ಬಾರದವರಿಗೆ ಅದು ದಾರಿ ತೋರುವ ಸೇವೆಯೂ ಹೌದು. ನಾಚಿಕೊಳ್ಳಬೇಕಾದ ವಿಷಯವಲ್ಲ. ರಕ್ತದೊತ್ತಡ, ಸಕ್ಕರೆಯ ಗುಳಿಗೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಡಬೇಕು. ದೇವನಹಳ್ಳಿಗೆ ಹೋಗುವ ವಾಯು ವಜ್ರ ಬಸ್ಸುಗಳು 2008ರಿಂದಲೂ ಇವೆ. ಟ್ಯಾಕ್ಸಿಯ ಕಾಲು ಭಾಗ ಖರ್ಚಿನಲ್ಲಿ ಹೋಗಿಬರಬಹುದು, ಪೆಟ್ಟಿಗೆ ಇಡಲು ಜಾಗವಿದೆ. 2021ರಲ್ಲಿ ನಿಲ್ದಾಣದ ಹತ್ತಿರ ರೈಲು ನಿಲುಗಡೆಯೂ ಆಗಿದೆ, ಆದರೆ ಗಾಡಿಗಳು ಬೆರಳೆಣಿಕೆಯಷ್ಟು.

ಗೃಹಿಣಿಯರಿಗೆ ಕೊನೆಯದಾಗಿ ಒಂದು ಸೂಚನೆ. ಒಣ ಕೊಬ್ಬರಿ ಗಿಟುಕನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಅದರಲ್ಲಿರುವ ಎಣ್ಣೆಯಂಶದಿಂದ ತಾನೇ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ವಸ್ತುವೆಂದು ವಿಮಾನಯಾನದವರು ಅದನ್ನು ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ತಿಪಟೂರಿನ ಕೊಬ್ಬರಿಯೇ ಆಗಬೇಕೆಂದು ಮೊಮ್ಮಗಳ ಸೀಮಂತಕ್ಕೆ ಒಂದು ಕಿಲೋ ಒಯ್ದು, ತೂಕದ ಕಟ್ಟೆಯ ಬಳಿ ಪೆಟ್ಟಿಗೆ ಬಿಚ್ಚಿಸಿಕೊಂಡವರ ಕಥೆಗಳು ನಮಗೆ ಬರುತ್ತಲೇ ಇವೆ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ತುರಿದ ಕೊಬ್ಬರಿ ಸಿಗುತ್ತದೆ; ಹುರಿದು ಬೆಲ್ಲ ಸೇರಿಸಿದರೆ ಹೋಳಿಗೆಯ ಹೂರಣಕ್ಕೆ ಸಾಕಷ್ಟು ಒಪ್ಪುತ್ತದೆ.